ನನ್ನ ಪ್ರಸಂಗದಲ್ಲಿ ನನ್ನ ಹೆಂಡತಿ

ಚರ್ಚಿನಲ್ಲಿ ನಿಂತು ಪ್ರಸಂಗ ಮಾಡುವವನಿಗೆ ವಾಕ್ಯಕ್ಕೆ ಎಂದೂ ಬರವಿಲ್ಲ. ಸತ್ಯವೇದ ಎಂದು ನಾವು ಕರೆಯುವ ಬೈಬಲ್ಲಿನ ಯಾವ ಪುಟ ತೆರೆದರೂ ಒಂದು ಸಿಗುತ್ತದೆ. ಬರ ಇರುವುದೆಲ್ಲ ಉದಾಹರಣೆಗೆ. ಬಲ್ಲವರು ಹೇಳುವುದೇನೆಂದರೆ, ಒಂದು ಪ್ರಸಂಗಕ್ಕೆ ಮೂರು ಅಂಶ ಸಾಕು, ಆದರೆ ಪ್ರತಿಯೊಂದಕ್ಕೂ ಬದುಕಿನಿಂದ ಎತ್ತಿಕೊಂಡ ಉದಾಹರಣೆ ಇರಲೇಬೇಕು. ಇಲ್ಲದಿದ್ದರೆ ಜನ ಮೊದಲನೆಯ ಅಂಶಕ್ಕೆ ಗಡಿಯಾರ ನೋಡುತ್ತಾರೆ, ಎರಡನೆಯದಕ್ಕೆ ತೂಕಡಿಸುತ್ತಾರೆ, ಮೂರನೆಯದು ದೇವರೊಬ್ಬನಿಗೇ ಕೇಳಿಸುತ್ತದೆ. ನನ್ನ ಬದುಕೋ, ಬೆಳಿಗ್ಗೆ ಕಲ್ಕತ್ತೆಯ ಬೆಹಾಲಾದಲ್ಲಿ ಬಸ್ಸು ಹತ್ತಿ ಬಿಬಿಡಿ ಬಾಗಿನ ಸರ್ಕಾರಿ ಕಚೇರಿಗೆ ಹೋಗುವುದು, ಸಂಜೆ ಇನ್ನೊಂದು ಬಸ್ಸಿನಲ್ಲಿ ನೇತಾಡಿಕೊಂಡು ಬರುವುದು. ಇದನ್ನು ಕೇಳಿ ಯಾವ ಪಾಪಿ ಪಶ್ಚಾತ್ತಾಪ ಪಟ್ಟಾನು? ಹೀಗಾಗಿ ನಾನು ನನ್ನ ಹೆಂಡತಿ ಸುಗಂಧಿಯ ಬದುಕಿಗೆ ಕೈ ಹಾಕಿದೆ.

ಕಲ್ಕತ್ತೆಯ ನಮ್ಮ ಕನ್ನಡ ಸಭೆ ಎಂದರೆ ಹತ್ತು ಹನ್ನೆರಡು ಮನೆಗಳು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಒಂದು ಬಂಗಾಳಿ ಚರ್ಚಿನ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದೆವು. ನಮಗೆಂದು ಪಾದ್ರಿಯಿಲ್ಲದ್ದರಿಂದ ಪ್ರಸಂಗಕ್ಕೆ ಗಂಡಸರ ಸರದಿ. ಸರದಿ ಎನ್ನುವುದು ಹೆಸರಿಗೆ ಮಾತ್ರ. ಗಾರ್ಡನ್ ರೀಚಿನಿಂದ ಬರುವವರಿಗೆ ಸರದಿ ಬಂದಾಗಲೆಲ್ಲ ಗಂಟಲು ಕಟ್ಟುತ್ತಿತ್ತು. ರೈಲ್ವೆಯಿಂದ ನಿವೃತ್ತರಾದ ಬೆಂಜಮಿನ್ ಕಾಕಾ ಪ್ರಾರ್ಥನೆಗೆ ಮಾತ್ರ ಎದ್ದು ನಿಲ್ಲುತ್ತಿದ್ದರು. ಆಗ ಸಾಲ್ಟ್ ಲೇಕಿನಲ್ಲಿ ಕಂಪ್ಯೂಟರ್ ಕಂಪನಿಗಳು ಒಂದರ ಮೇಲೊಂದು ಏಳುತ್ತಿದ್ದ ಕಾಲ. ಬೆಂಗಳೂರಿನಿಂದ ವರ್ಗವಾಗಿ ಬಂದಿದ್ದ ಸುನಿಲ್ ಎಂಬ ಹುಡುಗ, "ಅಂಕಲ್, ನೀವೇ ಮಾಡಿ, ನಾನು ಬೇಕಾದ್ರೆ ಸ್ಲೈಡ್ ಮಾಡ್ಕೊಡ್ತೀನಿ" ಎನ್ನುತ್ತಿದ್ದ. ಒಟ್ಟಿನಲ್ಲಿ ಪ್ರಸಂಗಪೀಠ ನನ್ನ ಕೊರಳಿಗೇ ಬಿತ್ತು.

ಸುಗಂಧಿಯಿಂದ ನನಗಾದ ಉಪಕಾರ ಅಷ್ಟಿಷ್ಟಲ್ಲ. ಕಳೆದುಹೋದ ನಾಣ್ಯ ಸಿಕ್ಕಿದಾಗ ನೆರೆಯವರನ್ನು ಕರೆದು ಹಿಗ್ಗಿದ ಹೆಂಗಸಿನ, ಯೇಸು ಹೇಳಿದ ಸಾಮ್ಯಕ್ಕೆ ಅವಳ ಕಿವಿಯೋಲೆ ಒದಗಿತು: ಮನೆಯೆಲ್ಲ ಬುಡಮೇಲು ಮಾಡಿ, ನನ್ನ ಮೇಲೂ ಅನುಮಾನಪಟ್ಟು, ಕಡೆಗೆ ಅಕ್ಕಿ ಡಬ್ಬಿಯಲ್ಲಿ ಸಿಕ್ಕಾಗ ಮಹಡಿಯ ಬಂಗಾಳಿ ಹೆಂಗಸರನ್ನೆಲ್ಲ ಕರೆದು ಸಂದೇಶ್ ಮಿಠಾಯಿ ಹಂಚಿದ್ದಳು. ದುರಾಶೆಗೆ ಮೀನಿನವನೊಡನೆ ಅವಳು ಮಾಡಿದ ಚೌಕಾಸಿ ಸಾಕಾಯಿತು. ಚಿಂತೆಯ ಕುರಿತು ಮಾತಾಡಬೇಕಾದಾಗ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮತ್ತೆ ಮತ್ತೆ ಮನೆಗೆ ಓಡಿಹೋಗುವ 'ಒಬ್ಬ ಸಹೋದರಿ'ಯ ಕಥೆ ಹೇಳಿದೆ. ಹೆಸರು ಹೇಳಿರಲಿಲ್ಲ. ಆದರೆ ಹನ್ನೆರಡು ಮನೆಯ ಸಭೆಯಲ್ಲಿ ಹೆಸರು ಹೇಳುವುದೇಕೆ? ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತ, ಅಲ್ಲಿ ಶಿಂಗಾರ ಎನ್ನುವ ಸಮೋಸಾ ತಿನ್ನುತ್ತಿದ್ದಾಗ ಮಕ್ಕಳ ಹಿಂಡು ಅವಳ ಸುತ್ತ ನೆರೆದು, "ಆಂಟಿ, ಗ್ಯಾಸ್ ಬಂದ್ ಕರ್‌ಕೆ ಆಯೀ?" ಎಂದು ಹಿಂದಿಯಲ್ಲಿ ಕೇಳಿತು. ಮನೆಯಲ್ಲಿ ಕನ್ನಡದಲ್ಲಿ ಒಂದು ಮಾತಿಗೂ ಉತ್ತರ ಕೊಡದ ಆ ಮಕ್ಕಳು ನನ್ನ ಪ್ರಸಂಗವನ್ನು ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡಿವೆಯಲ್ಲ ಎಂದು ನಾನು ಹಿಗ್ಗಿದೆ. ಸುಗಂಧಿ ಹಿಗ್ಗಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು. "ನೀವು ಎಷ್ಟರ ಪ್ರಸಂಗ ಮಾಡ್ರಿ, ನಾ ಬ್ಯಾಡ ಅನ್ನೂದಿಲ್ಲ. ಇನ್ನೊಮ್ಮೆ ಅದರಾಗ ನನ್ನ ಎಳದ್ರ ಮಾತ್ರ ನಾ ಸಭೆಗೆ ಬರಂಗಿಲ್ಲ ನೋಡ್ರಿ. ಕೀರ್ತನೆ ನೀವ ಹಾಡ್ಕೋರಿ." ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಊರು ಬಿಟ್ಟು ಇಷ್ಟು ದೂರ ಬಂದವಳಿಗೆ ಬಾಯ್ತುಂಬ ಧಾರವಾಡದ ಮಾತಾಡಲು ಇದ್ದದ್ದು ತಿಂಗಳಿಗೆ ಆ ಒಂದೇ ಮಧ್ಯಾಹ್ನ. ಅದನ್ನೂ ನಾನು ಕಿತ್ತುಕೊಂಡರೆ ನನ್ನಂಥ ಪಾಪಿ ಇನ್ನೊಬ್ಬನಿಲ್ಲ. ಇನ್ನು ನಿನ್ನ ಸುದ್ದಿ ಎತ್ತುವುದಿಲ್ಲ ಎಂದು ಮಾತು ಕೊಟ್ಟೆ.

ಮರುತಿಂಗಳ ವಿಷಯ ತಾಳ್ಮೆ. ಅಯ್ಯೋ, ತಾಳ್ಮೆಗೆ ಮನೆಯಲ್ಲಿ ಎಂಥೆಂಥ ಉದಾಹರಣೆಗಳು ಕೊಳೆಯುತ್ತಾ ಬಿದ್ದಿದ್ದವು! ಎಲ್ಲವನ್ನೂ ನುಂಗಿಕೊಂಡು ಸೈಬರ್ ಕೆಫೆಗೆ ಹೋಗಿ ಇಂಟರ್‌ನೆಟ್ಟಿನಿಂದ ಒಂದು ಒಂಟೆಯನ್ನು ಹಿಡಿದು ತಂದೆ. ಮೊದಲನೆಯ ಅಂಶಕ್ಕೆ ಒಂಟೆ, ಎರಡನೆಯದಕ್ಕೆ ಒಂಟೆಯ ಯಜಮಾನ, ಮೂರನೆಯದಕ್ಕೆ ಬರೀ ಮರಳು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಸಭೆಯವರು ವಾಡಿಕೆಯಂತೆ ಸುಗಂಧಿಯ ಕಡೆ ತಿರುಗಿದರು. ಆಮೇಲೆ ನನ್ನನ್ನು ನೋಡಿದರು. ಆಮೇಲೆ ತಮ್ಮತಮ್ಮಲ್ಲೇ ಮುಖ ನೋಡಿಕೊಂಡರು. ಒಬ್ಬರೂ ನಗಲಿಲ್ಲ. ಚಹಾದ ಹೊತ್ತಿನಲ್ಲಿ ಬೆಂಜಮಿನ್ ಕಾಕಾ ಅವರ ಹೆಂಡತಿ ಮಾರ್ಥಾ ಕಾಕು, ಸುಗಂಧಿಯ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಮರುದಿನ ಸಂಜೆ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ ಕಾಕಾ, ಕಾಕು, ಅವರ ಹಿಂದೆ ಸಿಹಿಯ ಪೊಟ್ಟಣ ಹಿಡಿದ ಸುನಿಲ್. ಮೂವರ ಮುಖವೂ ಸಾವಿನ ಮನೆಗೆ ಬಂದವರಂತಿತ್ತು. ಕಾಕಾ ಕೂತವರೇ, "ಏನಪಾ, ಪ್ರಸಂಗದಾಗ ಹೆಂಡತಿ ಸುದ್ದಿನೂ ತಗೀಲಾರದಷ್ಟು ಏನಾಗೇತಿ ನಿಮ್ಮಿಬ್ಬರ ನಡಕ?" ಎಂದರು. ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡು, "ಎಷ್ಟ ಚಂದ ಇದ್ರು ಇಬ್ರೂ, ಯಾರ ಕಣ್ಣ ಬಿತ್ತೋ" ಎಂದರು. ಸುನಿಲ್, "ಅಂಕಲ್, ಏನಾದ್ರೂ ಪ್ರಾಬ್ಲಂ ಇದ್ರೆ ಕೂತು ಮಾತಾಡಿ ಸರಿ ಮಾಡ್ಕೋಬಹುದು" ಎಂದು, ಮದುವೆಯಾಗದವನ ಧೈರ್ಯದಿಂದ ಉಪದೇಶಿಸಿದ. ನಾವಿಬ್ಬರೂ ಬಾಯಿ ತೆರೆಯುವಷ್ಟರಲ್ಲಿ ಕಾಕಾ ಕಣ್ಣು ಮುಚ್ಚಿ, ಮುರಿಯುತ್ತಿರುವ ಈ ಮನೆಯನ್ನು ಕಟ್ಟಪ್ಪಾ ತಂದೆ ಎಂದು ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು.

ನಾನು ಒಂದು ಕಣ್ಣು ತೆರೆದು ಸುಗಂಧಿಯನ್ನು ನೋಡಿದೆ. ಅವಳೂ ಒಂದು ಕಣ್ಣು ತೆರೆದಿದ್ದಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ತಿಳಿದು ಕಾಕಾ ಪ್ರಾರ್ಥನೆಯನ್ನು ಇನ್ನೂ ಉದ್ದ ಮಾಡಿದರು. ಆಮೆನ್ ಎಂದ ಕೂಡಲೇ ಅವಳು ಬಾಯಿಗೆ ಸೆರಗು ಅದುಮಿಕೊಂಡು ಅಡುಗೆಮನೆಗೆ ಓಡಿ, ಅಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗೆ ಕೇಳಿ ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಬಂದವರು ಹೋದ ಮೇಲೆ ಅವಳೇ ಅಂದಳು: "ಸಾಕ್ರಿ ಮಾರಾಯ್ರ, ಮುಂದಿನ ಸಲ ನನ್ನ ಸೇರಿಸೇ ಬಿಡ್ರಿ. ಇಲ್ಲಂದ್ರ ಮಂದಿ ಕೋರ್ಟಿನ ತನಕ ಒಯ್ತಾರ ನಮ್ಮನ್ನ. ಆದ್ರ ಏನ ಹೇಳಬೇಕು ಅನ್ನೂದು ನಾ ಹೇಳ್ತೀನಿ."

ಮುಂದಿನ ಸಭೆಯಲ್ಲಿ ಅವಳು ಹೇಳಿಕೊಟ್ಟಂತೆಯೇ ಹೇಳಿದೆ. ಕಾಲು ಉಳುಕಿಸಿಕೊಂಡ ಒಬ್ಬ ಸಹೋದರ. ಹಗಲಿರುಳು ಉಪಚಾರ ಮಾಡಿದ ಒಬ್ಬ ಸಹೋದರಿ. ಆ ಸಹೋದರನೋ, ಮಂಚದ ಮೇಲೆ ಮಲಗಿಕೊಂಡೇ ಸಾರಿಗೆ ಉಪ್ಪು ಕಡಿಮೆ, ಚಹಾಕ್ಕೆ ಸಕ್ಕರೆ ಹೆಚ್ಚು ಎಂದು ತಕರಾರು ತೆಗೆದವನು. ಸಭೆ ಬಿದ್ದು ಬಿದ್ದು ನಕ್ಕಿತು. ಯಾರೂ ತೂಕಡಿಸಲಿಲ್ಲ. ಬೆಂಜಮಿನ್ ಕಾಕಾ ನನ್ನ ಕೈ ಕುಲುಕಿ, "ಇವತ್ತಿಂದು ಖರೇನ ಮನಸ್ಸಿಗೆ ಮುಟ್ಟಿತು ನೋಡಪಾ" ಎಂದರು. ಅಂದಿನಿಂದ ಉದಾಹರಣೆ ಹುಡುಕುವ ಗೋಳು ತಪ್ಪಿತು. ಸುಗಂಧಿಯ ಹತ್ತಿರ ದಂಡಿಯಾಗಿವೆ. ಆ ದಿನ ಮನೆಗೆ ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದೆ, "ಅಲ್ಲಾ, ನಾ ಖರೇನ ಅಷ್ಟು ಕಾಡಿದ್ನೇನ?"

ಅವಳು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು: "ಭಾಳ ಕಡಿಮಿ ಮಾಡಿ ಹೇಳಿಸೀನ್ರೀ. ಸಭೆಯಾಗ ಸಣ್ಣ ಮಕ್ಕಳಿದ್ದುವು."