ಮಿಕ್ಸಿಯ ಮೇಲಿನ ಗೂಡು ಮತ್ತು ಬೀಚನಹಳ್ಳಿಯ ಕಾಗದ

ಮಂಗಳವಾರ, ಬೆಳಿಗ್ಗೆ ಏಳು ಗಂಟೆ, ಹುಣಸೂರಿನ ನಮ್ಮ ಅಡುಗೆಮನೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಜಯಮ್ಮ ಮತ್ತು ಮಿಕ್ಸಿಯ ಮೇಲೆ ಕಣಜದ ಹುಳ ಕಟ್ಟಿದ ಒಂದು ಮಣ್ಣಿನ ಗೂಡು. ನಾವು ಕೆ.ಆರ್. ನಗರದ ಮದುವೆಗೆ ಹೋಗಿ ಬರುವಷ್ಟರಲ್ಲಿ ಅದು ಜಾರು ಕೂರಿಸುವ ಜಾಗದಲ್ಲೇ ಎದ್ದಿತ್ತು. ಅಂದಿನಿಂದ ನಮ್ಮ ಚಟ್ನಿ ಒರಳುಕಲ್ಲಿಗೆ ಮರಳಿದೆ.

ನಿವೃತ್ತನಾದವನು ಪುಸ್ತಕ ಓದಬಾರದು. ಓದಿದರೂ ಅದರಂತೆ ನಡೆಯಬಾರದು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಪಾದ್ರಿಗಳು, ವೈದ್ಯರು, ಜಮೀನ್ದಾರರು ಹುಳ, ಚಿಪ್ಪು, ಎಲೆಗಳ ಬಗ್ಗೆ ಒಬ್ಬರಿಗೊಬ್ಬರು ಬರೆದ ಕಾಗದಗಳನ್ನು ಓದಿದೆ. ಒಂದು ಜೀರುಂಡೆಯ ಕಾಲಿನ ವಿಚಾರಕ್ಕೆ ಉತ್ತರ ಬರಲು ತಿಂಗಳುಗಟ್ಟಲೆ ಕಾಯುತ್ತಿದ್ದರಂತೆ. ಶಾಲೆಯಲ್ಲಿ ಡ್ರಿಲ್ ಮಾಡಿಸಿಯೇ ಮುದುಕನಾದ ನನಗೆ ಈ ಶಿಸ್ತು ಹಿಡಿಸಿತು. ಬೀಚನಹಳ್ಳಿಯ ಚೆಲುವಯ್ಯ ನನ್ನ ಬಾಲ್ಯದ ಗೆಳೆಯ. ನೀರಾವರಿ ಇಲಾಖೆಯಲ್ಲಿದ್ದು, ನಾಲೆಯುದ್ದಕ್ಕೂ ಹುಳಹುಪ್ಪಟೆ ನೋಡಿಕೊಂಡೇ ನಿವೃತ್ತನಾದವನು. ಜೀವಿಗಳ ವಿಷಯವೆಲ್ಲ ಕಾಗದದಲ್ಲೇ, ಫೋನು ಕೂಡದು ಎಂದು ಅವನಿಂದ ಮಾತು ತೆಗೆದುಕೊಂಡಿದ್ದೆ. ಗೂಡು ಒಡೆಯಬಹುದೇ, ಒಳಗೆ ಮರಿ ಇರಬಹುದೇ ಎಂದು ಹೋದ ವಾರ ಬರೆದು ಹಾಕಿದ್ದೆ.

“ರುಬ್ಬಿ ರುಬ್ಬಿ ರಟ್ಟೆ ಬಿದ್ದೋಯ್ತು ಕಣ್ರೀ. ಸಂಜೆಗಂಟ ನೋಡ್ತೀನಿ. ಆಮೇಲೆ ಆ ಮಣ್ಣ ನಾನೇ ಕೆರೆದು ಬಿಸಾಕ್ತೀನಿ,” ಎಂದಳು ಜಯಮ್ಮ.

ಊಟದ ಹೊತ್ತಿಗೆ ಚೆಲುವಯ್ಯನೇ ಬಾಗಿಲಲ್ಲಿ ನಿಂತಿದ್ದ. ಜೇಬಿನಿಂದ ಅಂಟಿಸಿದ ಲಕೋಟೆ ತೆಗೆದುಕೊಟ್ಟ.

“ಟಪಾಲಿಗಾಕುದ್ರೆ ತಡ ಆಯ್ತದೆ ಅಂತ ನಾನೇ ತಂದೆ ಕಣ್ಲಾ. ಓದು.”

“ನೀನೇ ಬಂದಿದ್ದೀಯ, ಬಾಯಲ್ಲೇ ಹೇಳ್ಲಾ.”

“ಊಹೂಂ. ನೀನೇ ಮಾಡಿದ್ ರೂಲ್ಸು.”

ಒಡೆದು ಓದಿದೆ. ‘ಮಾನ್ಯರೇ, ಗೂಡನ್ನು ಕಣ್ಣಾರೆ ನೋಡದೆ ಏನನ್ನೂ ಹೇಳಲಾಗದು. ಮಂಗಳವಾರ ಬರುತ್ತೇನೆ.’

ಜಯಮ್ಮ ನಕ್ಕಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಚೆಲುವಯ್ಯ ಕನ್ನಡಕ ಹಣೆಗೇರಿಸಿ ಮಿಕ್ಸಿಯ ಮೇಲೆ ಬಗ್ಗಿದ. “ಎಲ್ಲೂ ತೂತು ಬಿದ್ದಿಲ್ಲ. ಮರಿ ಒಳಗೇ ಅವೆ ಅಕ್ಕಾ. ಇನ್ನೊಂದೆರಡು ವಾರ ಬುಟ್ಬುಡಿ.”

ಜಯಮ್ಮ ಗೂಡನ್ನೇ ನೋಡುತ್ತಾ ನಿಂತಳು. “ಮರಿ ಅವೆ ಅಂದ್ರೆ ಇರ್ಲಿ ಬುಡಣ್ಣ, ಪಾಪ. ಆದ್ರೆ ರುಬ್ಬೋ ಕೆಲ್ಸ ಇನ್ನು ಕಾಗದ ಬರೆಯೋರ್ದು.”

“ನ್ಯಾಯವಾದ ಮಾತು,” ಎಂದು ಚೆಲುವಯ್ಯ ಊಟಕ್ಕೆ ಕೂತ.

ಇಂಗ್ಲೆಂಡಿನ ಆ ಮಹನೀಯರು ಹುಳದ ಮೀಸೆಯನ್ನೂ ಬಿಡದೆ ವರ್ಣಿಸಿದ್ದಾರೆ. ಅವರು ಉತ್ತರಕ್ಕೆ ಕಾಯುತ್ತಿದ್ದಷ್ಟು ದಿನ ಮನೆಯಲ್ಲಿ ಯಾರ ರಟ್ಟೆ ನೋಯುತ್ತಿತ್ತು ಎಂಬುದು ನಾನು ಓದಿದ ಒಂದು ಕಾಗದದಲ್ಲೂ ಇಲ್ಲ. ಸಂಜೆ ಚೆಲುವಯ್ಯನನ್ನು ಬಸ್ಸು ಹತ್ತಿಸಿ ಬಂದು ಒರಳಿನ ಮುಂದೆ ಕೂತೆ. ಜಯಮ್ಮ ಎರಡು ಸಲ ಬಂದು, “ಇನ್ನೂ ನುಣ್ಣಗಾಗ್ಬೇಕು,” ಎಂದಳು. ಮೂರನೆಯ ಸಲ ಬಟ್ಟಲು ಹಿಡಿದಳು. ಚಟ್ನಿ ಬಳಿದುಕೊಟ್ಟು, ಕಲ್ಲು ತೊಳೆದಿಟ್ಟೆ.