ಅತ್ತೆಯ ಮನೆಗೆ ಇಂಗು ಒಯ್ದದ್ದು

ಸಂತೆ ಮಾಡುವುದರಲ್ಲಿ ನನ್ನಷ್ಟು ಜಾಣ ಇಡೀ ಹೊನ್ನಾಳಿಯಲ್ಲಿ ಇನ್ನೊಬ್ಬನಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಶಾಲೆಯ ಮೇಷ್ಟ್ರು ಬೇರೆ! ಆದರೆ ಈ ನಂಬಿಕೆ ನನ್ನ ಹೆಂಡತಿ ಗಿರಿಜೆಗೆ ಇರಲಿಲ್ಲ. ನಾನು ತಂದ ಬೇಳೆಯಲ್ಲಿ ಹುಳ, ಬೆಲ್ಲದಲ್ಲಿ ಮರಳು, ಸಾಸಿವೆಯಲ್ಲಿ ರಾಗಿ. ಪಂಚಮಿ ಹಬ್ಬಕ್ಕೆಂದು ಜಗಳೂರಿನ ತವರಿಗೆ ಹೊರಟವಳು ಹೊಸ್ತಿಲ ಮೇಲೆ ನಿಂತು, "ಒಂದಾದ್ರೂ ಚಲೋ ಸಾಮಾನು ತಂದು ತೋರಿಸ್ರೀ, ಆಮ್ಯಾಲೆ ಬರ್ತೀನಿ" ಎಂದಳು.

ನಗುತ್ತಲೇ ಹೇಳಿದ್ದಳು. ಆದರೆ ಪಂಚಮಿ ಮುಗಿದು, ಶ್ರಾವಣ ಕಳೆದು, ಗಣಪತಿಯನ್ನು ಹೊಳೆಗೆ ಬಿಟ್ಟರೂ ಅವಳ ಸುಳಿವಿಲ್ಲ. ನನ್ನ ಕೈಯಡುಗೆಯನ್ನು ನಾನೇ ಉಂಡು ಕೋಟು ಸಡಿಲವಾಗಿತ್ತು.

ಆಗ ಯುದ್ಧದ ಕಾಲ. ಅಂಗಡಿಯಲ್ಲಿ ಇಂಗೆಂದು ಕೊಡುತ್ತಿದ್ದದ್ದು ಬಹುಪಾಲು ಹಿಟ್ಟು. ಅಂಥದ್ದರಲ್ಲಿ ದೊಡ್ಡ ಪೇಟದ ಒಬ್ಬ ಕಾಬೂಲಿ ವ್ಯಾಪಾರಿ ನಮ್ಮ ಸಂತೆಗೆ ಬಂದು "ಅಸಲಿ ಹಿಂಗ್!" ಎಂದು ಕೂಗುತ್ತಿದ್ದ. ಅವನಿಗೆ ನನ್ನ ಮಾತು ಬಾರದು, ನನಗೆ ಅವನ ಮಾತು ಬಾರದು. ಆದ್ದರಿಂದ ವ್ಯವಹಾರ ಸುಸೂತ್ರವಾಗಿ ನಡೆಯಿತು. ಅವನು ಕಿರುಬೆರಳಿನ ಉಗುರಿನ ತುದಿ ತೋರಿಸಿ "ಇತ್ನಾ, ಬಸ್ ಇತ್ನಾ" ಎಂದ. ಕೊಡುವುದೇ ಅಷ್ಟೇನೋ, ಜಿಪುಣ! ನಾನು ಮುಷ್ಟಿ ಬಿಗಿದು "ಇಷ್ಟು ಬೇಕು!" ಎಂದೆ. ಅವನು ಮತ್ತೆ ಉಗುರು ತೋರಿಸಿದ. ನಾನು ಮತ್ತೆ ಮುಷ್ಟಿ ತೋರಿಸಿದೆ. ಕೊನೆಗೆ ಅವನು ಆಕಾಶದ ಕಡೆ ಎರಡೂ ಕೈ ಎತ್ತಿ, ಮುಷ್ಟಿ ಗಾತ್ರದ ಅಂಟುಂಡೆಯನ್ನು ಮುತ್ತುಗದ ಎಲೆಯಲ್ಲಿ ಕಟ್ಟಿಕೊಟ್ಟ.

ಗೆದ್ದೆ!

ಕಳ್ಳರ ಭಯಕ್ಕೆ ಅದನ್ನು ರಾತ್ರಿ ತಲೆದಿಂಬಿನಡಿ ಇಟ್ಟುಕೊಂಡು ಮಲಗಿದೆ. ಬೆಳಿಗ್ಗೆ ಕೋಟಿನ ಒಳಜೇಬಿಗೆ ಸೇರಿಸಿ, ದಾವಣಗೆರೆಗೆ ಹೋಗಿ ಜಗಳೂರಿನ ಬಸ್ಸು ಹತ್ತಿದೆ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದ ದಿನಗಳವು. ಹಿಂದೆ ಒಲೆ, ಮುಂದೆ ನಾವು. ಆ ಕಾವಿಗೆ ಇಂಗು ಮೆತ್ತಗಾಗಿ ತನ್ನ ಪ್ರತಾಪ ತೋರಿಸತೊಡಗಿತು. ರಾತ್ರಿಯಿಡೀ ಅದರ ಸಹವಾಸ ಮಾಡಿದ್ದ ನನ್ನ ಮೂಗಿಗೆ ಮಾತ್ರ ಏನೂ ತಿಳಿಯಲಿಲ್ಲ.

"ಏನೋ ಸತ್ತೈತೆ, ನೋಡ್ರೀ!" ಎಂದಳು ಮುಂದಿನ ಸೀಟಿನ ಅಜ್ಜಿ.

ಎಲ್ಲರೂ ಕಂಬಳಿ ಹೊದ್ದು ಕುಳಿತಿದ್ದ ಕುರಿ ವ್ಯಾಪಾರಿಯೊಬ್ಬರತ್ತ ತಿರುಗಿದರು. ಮೇಷ್ಟ್ರಾದವನು ಸುಮ್ಮನಿರಲು ಸಾಧ್ಯವೇ? ಎದ್ದು ನಿಂತು, "ಸ್ವಚ್ಛತೆಯೇ ಆರೋಗ್ಯದ ಮೂಲ. ಕಂಬಳಿಯನ್ನು ಆಗಾಗ ಬಿಸಿಲಿಗೆ ಹಾಕಬೇಕು" ಎಂದು ಉಪದೇಶ ಆರಂಭಿಸಿದೆ. ನಾನು ಕೈ ಬೀಸಿದಾಗಲೆಲ್ಲ ಕೋಟು ತೆರೆಯಿತು. ವಾಸನೆ ಇಮ್ಮಡಿಸಿತು. ವ್ಯಾಪಾರಿ ಮೂಗು ಅರಳಿಸಿಕೊಂಡು ನನ್ನ ಹತ್ತಿರ ಬಂದು ಕೇಳಿದರು:

"ಮೇಷ್ಟ್ರೇ, ನಿಮ್ಮ ಎದಿಯಾಗೆ ಏನೈತ್ರೀ?"

ಬಸ್ಸು ನಿಂತಿತು. ಕಂಡಕ್ಟರು ಪಂಚೆಯ ತುದಿಯಿಂದ ಮೂಗು ಮುಚ್ಚಿಕೊಂಡು, "ಇಲ್ಲಾ ಅದು ಕೆಳಗಿಳೀಬೇಕು, ಇಲ್ಲಾ ನೀವು ಮ್ಯಾಲೆ ಹತ್ತಬೇಕು" ಎಂದು ತೀರ್ಪು ಕೊಟ್ಟ. ಹೀಗೆ ನಾನು ಬಸ್ಸಿನ ನೆತ್ತಿಯ ಮೇಲೆ, ಶೇಂಗಾ ಮೂಟೆಗಳ ನಡುವೆ, ಒಲೆಯ ಹೊಗೆ ಕುಡಿಯುತ್ತಾ ಜಗಳೂರನ್ನು ಪ್ರವೇಶಿಸಿದೆ.

ಬಾಗಿಲು ತೆರೆದ ಮಾವ ನನ್ನ ಮಸಿ ಹಿಡಿದ ಮುಖ ನೋಡಿ, "ಇದ್ದಿಲು ಬ್ಯಾಡಪ್ಪಾ, ಮುಂದಕ್ಕೆ ಹೋಗು" ಎಂದರು!

ಮುಖ ತೊಳೆದ ಮೇಲೆ ಮರ್ಯಾದೆ ಮರಳಿ ಬಂತು. ಅತ್ತೆ ಉಂಡೆಯನ್ನು ದೂರದಿಂದಲೇ ಮೂಸಿ, "ಅಸಲಿ ಇಂಗು! ಕಣ್ಣಿಲೆ ಕಂಡು ಎಷ್ಟು ಕಾಲ ಆಗಿತ್ತೋ!" ಎಂದು ಹಿಗ್ಗಿದರು. ಗಿರಿಜೆಯ ಕಣ್ಣಿನಲ್ಲಿ ನನ್ನ ಬಗ್ಗೆ ಗೌರವವೆಂಬುದು ಮೊದಲ ಬಾರಿಗೆ ಇಣುಕಿತು. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು.

ನಿಲ್ಲಿಸಲಿಲ್ಲ. ಎಲ್ಲರೂ ಹಿತ್ತಲಿಗೆ ಹೋದ ಹೊತ್ತು ನೋಡಿ ಅಡುಗೆಮನೆಗೆ ನುಗ್ಗಿ, ಕುದಿಯುತ್ತಿದ್ದ ಸಾರಿಗೆ ಅಡಿಕೆ ಗಾತ್ರದ ಇಂಗು ಹಾಕಿದೆ. ಸಾಲದೆನಿಸಿತು. ಇನ್ನೊಂದು ಅಡಿಕೆ!

ಊಟಕ್ಕೆ ಕುಳಿತ ಮಾವ ಮೊದಲ ತುತ್ತಿಗೇ ಕಣ್ಣು ಮುಚ್ಚಿದರು. ಮೆಚ್ಚಿಕೆಯಿಂದಲೇ ಇರಬೇಕು ಎಂದುಕೊಂಡೆ. ತೆರೆದಾಗ ಧಾರಾಕಾರ ನೀರು! ಅತ್ತೆ ಗಡಬಡಿಸಿ ಒಂದು ತೆಂಗಿನಕಾಯಿ ತುರಿದು ಸಾರಿಗೆ ಹಾಕಿದರು. ಇನ್ನೊಂದನ್ನೂ ಹಾಕಿದರು. ಸಾರು ಜಗ್ಗಲಿಲ್ಲ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಯಾರಿಗೆ ಹೊಟ್ಟೆನೋವು ಬಂದೈತ್ರೀ?" ಎಂದು ವಿಚಾರಿಸಿದಳು. ಕೊನೆಗೆ ಕಲಗಚ್ಚಿಗೆ ಸುರಿದರೆ, ಎಮ್ಮೆ ಅದನ್ನು ಮೂಸಿ, ನನ್ನನ್ನು ಒಮ್ಮೆ ನೋಡಿ, ಹಗ್ಗ ಕಿತ್ತುಕೊಂಡು ಓಡಿತು.

ಗಿರಿಜೆ ಕಂಬ ಹಿಡಿದು ಕುಸಿದು ಕುಳಿತಳು. ಅಳುತ್ತಿದ್ದಾಳೆಂದು ಹೆದರಿ ಹತ್ತಿರ ಹೋದೆ. ನಗುತ್ತಿದ್ದಳು! ಮಾತನಾಡಲೂ ಆಗದಷ್ಟು ನಗು.

"ಯವ್ವಾ, ನನ್ನ ಟ್ರಂಕು ತೆಗಿ," ಎಂದಳು ಕಡೆಗೆ, ಕಣ್ಣೊರೆಸಿಕೊಳ್ಳುತ್ತಾ. "ಇವರನ್ನ ಒಬ್ಬರನ್ನೇ ಬಿಟ್ರೆ ಹೊನ್ನಾಳಿ ಉಳಿಯಂಗಿಲ್ಲ. ನಾಳೆ ಹೊಂಡ್ತೀನಿ."

ನನ್ನ ಎದೆ ಹಿಗ್ಗಿತು. "ಅಂದ್ರೆ ಚಲೋ ಸಾಮಾನು ತಂದೀನಿ ಅಂತ ಒಪ್ಪಿದಂಗಾತಲ್ಲ?"

"ಸಾಮಾನು ಚಲೋ ಐತ್ರೀ, ಒಪ್ಪಿದೆ. ಆದ್ರೆ ಇಂಗು ತೆಂಗು ಇದ್ರೆ ಮಂಗನೂ ಅಡಿಗಿ ಮಾಡತೈತಿ ಅಂತಾರಲ್ಲ..." ಎಂದವಳು ಮಾತು ಮುಗಿಸದೆ ಮತ್ತೆ ನಗತೊಡಗಿದಳು.

ಮುಗಿಸುವ ಅಗತ್ಯವೂ ಇರಲಿಲ್ಲ. ಆ ದಿನ ಇಂಗೂ ಇತ್ತು, ತೆಂಗೂ ಇತ್ತು. ನಾನು ಮಂಗನ ಮಟ್ಟಕ್ಕೆ ಏರುವುದೊಂದು ಬಾಕಿಯಿತ್ತು!