ಬಾದಷಾಹಿ ಚೌಕಟ್ಟಿನ ಕರಿಹಲಗೆ

ನಮ್ಮ ಮನೆಯ ಗೋಡೆಗಳ ಮೇಲೆ ಬದುಕಿರುವವರಿಗೆ ಜಾಗವಿಲ್ಲ. ಪಡಸಾಲೆಯ ಒಂದು ಗೋಡೆಗೆ ಮಾವನವರ ಅಪ್ಪ, ಎದುರು ಗೋಡೆಗೆ ಅವರ ಅಣ್ಣಂದಿರು, ಬಾಗಿಲ ಮೇಲೆ ಯಾರೆಂದು ಯಾರಿಗೂ ಗೊತ್ತಿರದ, ಆದರೆ ಪ್ರತಿ ಅಮಾವಾಸ್ಯೆಗೂ ತಪ್ಪದೆ ಹಾರ ಹಾಕಿಸಿಕೊಳ್ಳುವ ಒಬ್ಬ ಮೀಸೆಯವರು. ಕಲಬುರಗಿ ಶಹಾಬಜಾರದ ಈ ಮನೆಗೆ ಸೊಸೆಯಾಗಿ ಬಂದು ಅರ್ಧ ಆಯುಷ್ಯ ಸವೆಸಿದ ನನಗೆ ನನ್ನದೆಂದು ಹೇಳಿಕೊಳ್ಳಲು ಒಂದು ಮೊಳೆಯೂ ಇಲ್ಲ. ಮೊಳೆ ಬೇಕಾದರೆ ಮೊದಲು ಪ್ರಾಣ ಬಿಡಬೇಕು. ಬಾಡಿಗೆ ಸ್ವಲ್ಪ ದುಬಾರಿಯೆಂದು ಸುಮ್ಮನಿದ್ದೆ.

ಖಾಲಿ ಉಳಿದದ್ದು ಅಡುಗೆಮನೆಯ ಬಾಗಿಲ ಪಕ್ಕದ ಗೋಡೆ ಒಂದೇ. ಅದು ನನಗೆ ಬೇಕಿತ್ತು. ನಾನು ಹೈದರಾಬಾದಿನ ಕಾನ್ವೆಂಟಿನಲ್ಲಿ ಓದುತ್ತಿದ್ದಾಗ ಸಿಸ್ಟರ್ ಅಗಾಥಾ ದಿನಾ ಬೆಳಿಗ್ಗೆ ಕರಿಹಲಗೆಯ ಮೇಲೆ ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ಒಂದು ಹಿತವಚನ ಬರೆಯುತ್ತಿದ್ದರು. ನನಗೂ ಅಂಥದೊಂದು ಚಂದದ ಹಲಗೆ ಬೇಕು, ದಿನಕ್ಕೊಂದು ಮಾತು ನಾನು ಬರೆಯಬೇಕು, ಮನೆಮಂದಿ ಓದಬೇಕು. ಬಾಯಲ್ಲಿ ಹೇಳಿದರೆ ಈ ಮನೆಯಲ್ಲಿ ಯಾರು ಕೇಳುತ್ತಾರೆ?

ಅದು ಪೊಲೀಸ್ ಆ್ಯಕ್ಷನ್ ಮುಗಿದ ಮೇಲಿನ ಮೊದಲ ಬೇಸಿಗೆ. ಕಚೇರಿಗಳ ಗೋಡೆಯಿಂದ ನಿಜಾಮರ ಪಟಗಳು ಇಳಿದಿದ್ದವು. ಒಳಗಿನ ಪಟ ಎಲ್ಲಿ ಹೋಯಿತೋ, ಚೌಕಟ್ಟುಗಳು ಮಾತ್ರ ಮಕ್ಸೂದನ ಗುಜರಿ ಅಂಗಡಿಯಲ್ಲಿ ಪಿಂಚಣಿಗೆ ಕಾದಂತೆ ಸಾಲಾಗಿ ನಿಂತಿದ್ದವು.

“ತೊಗೊಂಡ್ ಹೋಗ್ರಿ ಅಮ್ಮಾ, ಬಾದಷಾಹಿ ಮಾಲ್ ಅದ! ಮ್ಯಾಲ ತಾಜ್ ನೋಡ್ರಿ, ತಾಜ್!”

“ಒಳಗ ಏನೂ ಇಲ್ಲಲ್ಲೋ ಮಕ್ಸೂದ್.”

“ಒಳಗಿಂದು ಜಮಾನಾ ಬದಲಾದಂಗ ಬದಲಾಗ್ತದ್ರಿ. ಚೌಕಟ್ ಪಕ್ಕಾ ಇರಬೇಕು.”

ಇಷ್ಟು ರಾಜನೀತಿ ಪುಕ್ಕಟೆಯಾಗಿ ಸಿಕ್ಕ ಮೇಲೆ ಚೌಕಟ್ಟು ಕೊಳ್ಳದೆ ಬರಲಾದೀತೇ? ಕಿರೀಟದ ಕೆತ್ತನೆ, ಚಿನ್ನದ ಬಣ್ಣ, ಹಿಂದೆ ಗಟ್ಟಿ ಸಾಗವಾನಿ ಹಲಗೆ. ಇಷ್ಟು ವರ್ಷ ಇಡೀ ಸೀಮೆಯಿಂದ ಕಪ್ಪ ಪಡೆದ ಚೌಕಟ್ಟಿಗೆ ನಾನು ಕಪ್ಪು ಬಳಿಯುವುದೊಂದೇ ಬಾಕಿ.

ಆ ಕಪ್ಪೇ ನನ್ನ ಮುಖಕ್ಕೆ ಬಂತು ನೋಡಿ. ಸಾಲೆಯ ಹಲಗೆಗೆ ಮಾಡುವಂತೆ ಇದ್ದಿಲು, ಸೊಪ್ಪಿನ ರಸ ಸೇರಿಸಿ ತಿಕ್ಕಿದೆ. ಒಣಗಿದ ಮೇಲೆ ನೋಡಿದರೆ ಬಣ್ಣವೆಲ್ಲ ಉದುರಿ ಹಲಗೆ ಮೊದಲಿನಂತೆಯೇ ಇತ್ತು, ನಾನು ಕರ್ರಗಿದ್ದೆ. ಆಗ ಸಿಸ್ಟರ್ ಅಗಾಥಾ ಹೇಳಿದ್ದು ನೆನಪಾಯಿತು: ಕಂದೀಲಿನ ಮಸಿಗೆ ಮೊಟ್ಟೆಯ ಬಿಳಿ ಲೋಳೆ ಕಲಸಿದರೆ ಜನ್ಮದಲ್ಲಿ ಬಿಡುವುದಿಲ್ಲ. ಅಂತೂ ತತ್ತ್ವ ಬರೆಯುವ ಹಲಗೆಗೆ ಮೊದಲು ತತ್ತಿ ಬೇಕಾಯಿತು.

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿದ ಮನೆ. ಕಮಲಾಪುರದಲ್ಲಿ ಹೊಲಮನೆ ನೋಡಿಕೊಂಡಿರುವ ನಮ್ಮ ಅತ್ತೆ ಶಿವಕಾಂತಮ್ಮನವರು ಮೊಟ್ಟೆಯ ಹೆಸರು ಕಿವಿಗೆ ಬಿದ್ದರೂ ಬಾಯಿ ಮುಕ್ಕಳಿಸುವವರು. ಅದಾಲತ್ತಿನಲ್ಲಿ ಗುಮಾಸ್ತರಾದ ನಮ್ಮ ಯಜಮಾನರು ಅವರ ಮಗ. ಅವರನ್ನೇ ಕೇಳಿದೆ.

“ಏನ್ರೀ, ನಾಕು ತತ್ತಿ ತಂದ್ಕೊಡ್ರಿ.”

ಅವರು ಮೊದಲು ಹೋಗಿ ಬೀದಿಬಾಗಿಲು ಹಾಕಿ ಬಂದರು. “ತಲಿ ಕೆಟ್ಟದೇನು ನಿನಗ? ಅವ್ವಗ ಗೊತ್ತಾದ್ರ?”

“ತಿನ್ಲಾಕಲ್ರೀ, ಬಳೀಲಾಕ!”

“ತಿಂದ್ರ ಹೊಟ್ಟ್ಯಾಗರ ಮುಚ್ಚಿಟ್ಕೋಬಹುದು. ಬಳದ್ರ ಗೋಡಿ ಮ್ಯಾಲ ಕಾಣ್ತದಲ್ಲ!”

ವಾದ ಸರಿಯಾಗಿಯೇ ಇತ್ತು, ಆದ್ದರಿಂದ ನಾನು ಅಳಲು ಶುರು ಮಾಡಿದೆ. ಹೊರಟರು. ಕೈಯಲ್ಲಿ ಹಿಡಿದರೆ ಊರು ನೋಡುತ್ತದೆ, ಜೇಬಿನಲ್ಲಿಟ್ಟರೆ ಒಡೆಯುತ್ತವೆ. ಹೊಸದಾಗಿ ಏರಿಸಿದ್ದ ಗಾಂಧಿ ಟೋಪಿಯಲ್ಲಿ ಬೀಡಿ ಅಡಗಿಸುವಷ್ಟೂ ಜಾಗವಿಲ್ಲ. ಹೀಗಾಗಿ ಪೆಟ್ಟಿಗೆಯ ತಳ ಸೇರಿದ್ದ ಎತ್ತರದ ರೂಮಿ ಟೋಪಿ ಮತ್ತೆ ತಲೆಗೇರಿತು. ಮೊಟ್ಟೆ ಹೊತ್ತು ಬರುವಾಗ ಜಗತ್ ಚೌಕದ ಹತ್ತಿರ ಮೇಲಧಿಕಾರಿ ಜಗದೇವಪ್ಪನವರು ಎದುರಾದರಂತೆ. ಇವರು ಬಾಗಲಿಲ್ಲ. ಬಾಗುವುದಾದರೂ ಹೇಗೆ? ಹಳೆಯ ಸರಕಾರದ ಟೋಪಿ ಹಾಕಿಕೊಂಡು ಹೊಸ ಸರಕಾರದ ಅಧಿಕಾರಿಗೆ ತಲೆಬಾಗದ ಧೀರನೆಂದು ಕಚೇರಿಯಲ್ಲಿ ಇವರ ಹೆಸರು ಕೆಟ್ಟಿದ್ದು ಇನ್ನೂ ಸುಧಾರಿಸಿಲ್ಲ. ಅದಕ್ಕೂ ನಾನೇ ಕಾರಣವಂತೆ! ತಲೆ ಯಾರದು, ಟೋಪಿ ಯಾರದು?

ಇರಲಿ. ಮಸಿಗೆ ಲೋಳೆ ಕಲಸಿ ಬಳಿದೆ. (ಹಳದಿ ಭಾಗ ಬೆಕ್ಕಿಗೆ ಹೋಯಿತು. ಯಜಮಾನರ ಮೀಸೆಯ ತುದಿ ಹಳದಿಯಾಗಿದ್ದದ್ದು ಕಾಕತಾಳೀಯ.) ಹಲಗೆ ಕಡುಗಪ್ಪಾಗಿ ಮಿರಮಿರನೆ ಹೊಳೆಯಿತು. ಖಾಲಿ ಗೋಡೆಗೆ ನನ್ನ ಕೈಯಾರೆ ಮೊಳೆ ಹೊಡೆದು ತೂಗುಹಾಕಿದೆ. ಪ್ರಾಣವಿರುವಾಗಲೇ!

ಗೆರೆ ಎಳೆಯದೆ ಅಕ್ಷರ ಬರೆದರೆ ಕಾನ್ವೆಂಟಿನಲ್ಲಿ ಬೆರಳ ಗೆಣ್ಣಿಗೆ ಪೆಟ್ಟು ಬೀಳುತ್ತಿತ್ತು. ಆ ಭಯ ಇನ್ನೂ ಹೋಗಿಲ್ಲ. ಸೀಮೆಸುಣ್ಣದಿಂದ ನಟ್ಟನಡುವೆ ಅಡ್ಡಡ್ಡಲಾಗಿ ಮೂರು ಗೆರೆ ಎಳೆದೆ. ‘ಶುಚಿಯೇ ದೈವ’ ಎಂದು ಬರೆಯಬೇಕು, ಅಷ್ಟರಲ್ಲಿ ಬೆನ್ನ ಹಿಂದೆ ಬಳೆ ಸದ್ದಾಯಿತು. ಕಮಲಾಪುರದ ಬಸ್ಸಿನ ಧೂಳನ್ನೆಲ್ಲ ಮೈಮೇಲೆ ಹೊತ್ತು ಅತ್ತೆ ನಿಂತಿದ್ದರು.

ನನ್ನ ಮೊಳೆಗೆ ಆಯುಷ್ಯ ಮುಗಿಯಿತೆಂದುಕೊಂಡೆ. ಅತ್ತೆ ಚಿನ್ನದ ಚೌಕಟ್ಟು ನೋಡಿದರು, ನೆತ್ತಿಯ ಕಿರೀಟ ನೋಡಿದರು, ಕಪ್ಪು ನೋಡಿದರು, ಕಪ್ಪಿನ ಮೇಲಿನ ಮೂರು ಬಿಳಿ ಗೆರೆ ನೋಡಿದರು. ಕಣ್ಣು ತುಂಬಿದವು.

“ಶಿವ ಶಿವ! ಮೂರೆಳಿ ವಿಭೂತಿ! ದೌಲಪ್ಪಾ, ಬಾರೋ ಇಲ್ಲಿ, ನಿನ್ನ ಹೆಂಡ್ತಿ ಮನಿಗಿ ಶಿವನ್ನೇ ಕರ್ಕೊಂಡು ಬಂದಾಳ!”

ಯಜಮಾನರು ಬಂದು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಇಬ್ಬರೂ ಕೈಮುಗಿದೆವು. ಇನ್ನೇನು ಮಾಡಬೇಕಿತ್ತು?

“ಪಾದ್ರಿ ಸಾಲಿ ಕಲ್ತೋಳು, ದೇವರಿಲ್ಲ ದಿಂಡರಿಲ್ಲ ಅಂತ ಇಷ್ಟು ದಿನ ಬೈದೆನಲ್ಲವ್ವ!” ಎಂದು ಅತ್ತೆ ನನ್ನ ಗಲ್ಲ ಸವರಿದರು. ಮದುವೆಯಾದಂದಿನಿಂದ ನನ್ನ ಗಲ್ಲ ಅವರ ಕೈಗೆ ಸಿಕ್ಕಿದ್ದು ಅದೇ ಮೊದಲು. ಇದು ಗೆರೆ, ಇದರ ಮೇಲೆ ಅಕ್ಷರ ಬರೆಯುವುದಿದೆ ಎಂದು ಹೇಳಲು ಬಾಯಿ ತೆರೆದೆ. ಆ ಬಾಯಿಗೆ ಅವರು ಬೆಲ್ಲ ಹಾಕಿದರು.

ಊದಿನಕಡ್ಡಿ ಬಂತು, ಬಿಲ್ವಪತ್ರೆ ಬಂತು. ಕಲಬುರಗಿಯ ಮಟಮಟ ಮಧ್ಯಾಹ್ನದಲ್ಲಿ ಅತ್ತೆ ಹಲಗೆಗೆ ನೀರು ಚಿಮುಕಿಸಿ, ಕರ್ಪೂರದಾರತಿಯನ್ನು ಅದರ ಮೂಗಿಗೇ ಹಿಡಿದರು. ನೀರು, ಬಿಸಿಲು, ಬೆಂಕಿ ಮೂರೂ ಕೂಡಿದ ಮೇಲೆ ಹಲಗೆಯ ಒಳಗುಟ್ಟು ಮೆಲ್ಲಗೆ ಪಡಸಾಲೆಯಲ್ಲೆಲ್ಲ ಹರಡತೊಡಗಿತು.

ಅತ್ತೆ ಮೂಗರಳಿಸಿದರು. “ಏನಿದು ವಾಸನಿ?”

“ತತ್ತಿ ಅಲ್ರೀ ಅತ್ತಿ!” ಎಂದೆ ನಾನು.

ಗೋಡೆಯ ಮೇಲಿನ ಮೀಸೆಯವರು ಕೂಡ ಉಸಿರು ಹಿಡಿದಂತೆ ಕಂಡಿತು.

“ತತ್ತಿ ಅಂತ ಯಾರಂದ್ರು?” ಅತ್ತೆಯ ದನಿ ತಣ್ಣಗಿತ್ತು. “ದೌಲಪ್ಪಾ, ನಿನಗೇನರ ಗೊತ್ತದೇನು?”

“ತತ್ತಿ ಅಂದ್ರ ಉರುಟಗಿರ್ತಾವೋ ಚಪ್ಪಟಗಿರ್ತಾವೋ, ಅದೂ ಗೊತ್ತಿಲ್ಲ ನನಗ, ಅವ್ವಾ!” ಎಂದರು, ಗುರುಹಿರಿಯರ ಸಾಕ್ಷಿಯಾಗಿ ನನ್ನ ಕೈಹಿಡಿದ ಮಹಾನುಭಾವರು.

ತೀರ್ಪು ಅಲ್ಲೇ ಆಯಿತು. ಕಮಲಾಪುರದಿಂದ ಅಯ್ಯನವರು ಬಂದು ಪಾದೋದಕ ಚಿಮುಕಿಸುವ ತನಕ ನಾನು ಹೊರಗಿನ ಕಟ್ಟೆಯ ಮೇಲಿರಬೇಕು. ಹೊಸ್ತಿಲು ದಾಟುವಂತಿಲ್ಲ, ಒಲೆ ಮುಟ್ಟುವಂತಿಲ್ಲ.

“ಮತ್ತ ಹಲಿಗಿ?” ಎಂದೆ, ರೋಷದಿಂದ. “ತತ್ತಿ ಇರೋದು ಅದರ ಮೈಮ್ಯಾಲ! ಅದು ಒಳಗ, ನಾ ಹೊರಗ?”

“ಹಲಿಗಿಗಿ ಶಿವ ಸಿಕ್ಕಾನ, ಪಾವನ ಆಗ್ಯದ. ನಿನಗೇನು ಸಿಕ್ಕದ?”

ಅತ್ತೆ ಹಲಗೆಯತ್ತ ತಿರುಗಿ, ನೀರಿಗೆ ಮಸುಕಾದ ನನ್ನ ಗೆರೆಗಳ ಮೇಲೆ ಗಟ್ಟಿಯಾಗಿ ವಿಭೂತಿ ಎಳೆದರು.

ನಾನು ಕಟ್ಟೆಯ ಮೇಲೆ ಕೂತೆ. ಕುದ್ದೆ. ಕುದಿಯುತ್ತಲೇ ಒಂದು ಸತ್ಯ ಕಂಡುಕೊಂಡೆ: ಒಲೆಯ ಮುಂದಿಗಿಂತ ಇಲ್ಲಿ ಗಾಳಿ ತಂಪಾಗಿದೆ. ಸೊಸೆ ಬಂದ ದಿನವೇ ಅತ್ತೆ ಈ ಮನೆಯ ಒಲೆಗೆ ಕೈಮುಗಿದು ದೂರ ಸರಿದವರು, ಹಾಗಾಗಿ ಅಡುಗೆ ಯಜಮಾನರ ಪಾಲಿಗೆ ಬಿತ್ತು. ಅವರು ಬಡಿದ ರೊಟ್ಟಿ ಹೈದರಾಬಾದ್ ಸಂಸ್ಥಾನದ ನಕಾಶೆಯಂತೆ ಮೂಲೆಮೂಲೆಗೆ ಚಾಚಿಕೊಂಡಿರುತ್ತಿತ್ತು. ಆದರೇನು, ನನ್ನ ಕೈಯ ರೊಟ್ಟಿಯಲ್ಲವಲ್ಲ! ಪತ್ರಿಕೆ ಓದಿದೆ. ಹಗಲಲ್ಲಿ ನಿದ್ದೆ ಮಾಡಿದೆ. ಅಯ್ಯನವರಿಗೆ ದಾರಿಯಲ್ಲಿ ಇನ್ನಷ್ಟು ಭಕ್ತರು ಸಿಗಲೆಂದು ಹಾರೈಸಿದೆ.

ಬಂದದ್ದು ಅಯ್ಯನವರಲ್ಲ. ಬಸ್ಸು ಇಳಿದು ಕಮಲಾಪುರದ ಅರ್ಧ ಓಣಿಯೇ ಬಂತು, ಮುಂದೆ ಅತ್ತೆಯ ಗೆಳತಿ ಬಂಡೆಮ್ಮ. ಶಿವ ಮೂಡಿದ ಸುದ್ದಿಯನ್ನು ಅತ್ತೆ ಅದ್ಯಾವಾಗಲೋ ಊರಿಗೆ ಮುಟ್ಟಿಸಿದ್ದರು. (ತತ್ತಿಯ ಸುದ್ದಿ ಬಸ್ಸು ಹತ್ತಿರಲಿಲ್ಲ.)

“ದರ್ಶನ ಆತಂದ್ರ ಪ್ರಸಾದ ಮಾಡ್ಕೊಂಡೇ ಹೋಗ್ತೀವಿ ತಗೋ, ಶಿವಕಾಂತವ್ವ,” ಎಂದು ಬಂಡೆಮ್ಮ ಕಾಲು ಚಾಚಿ ಕೂತರು. ಒಳಗೆ ಯಜಮಾನರ ಕೈಯಿಂದ ತವೆ ಬಿದ್ದ ಸದ್ದು ಕೇಳಿಸಿತು.

ಸ್ವಲ್ಪ ಹೊತ್ತಿಗೆ ಅತ್ತೆ ಕಟ್ಟೆಗೆ ಬಂದರು. “ಏಳವ್ವ ಶಂಕ್ರಮ್ಮ. ಒಳಗ ಬಾ.”

“ಅಯ್ಯನವರು ಇನ್ನಾ ಬಂದಿಲ್ಲಲ್ರೀ, ಅತ್ತಿ,” ಎಂದೆ, ಪತ್ರಿಕೆಯಿಂದ ಕಣ್ಣೆತ್ತದೆ. “ನಾ ಮೈಲಿಗಿ.”

“ಎಲ್ಲಿಂದು ತಂದೀ ಮೈಲಿಗಿ? ಇಷ್ಟು ಸಾಲಿ ಕಲ್ತು ಅಷ್ಟೂ ತಿಳೀವಲ್ದೇನು? ಸೂತಕ, ಮೈಲಿಗಿ ಒಂದೂ ಇಲ್ಲಂತ ನಮ್ಮ ಶರಣರು ಯಾವಾಗೋ ಹೇಳ್ಯಾರ! ಹಿಟ್ಟು ನಾದಲಾಕ ಎಸರು ಇಟ್ಟದ. ಲಗೂನ ಕೈ ತೊಳ್ಕೊ.”

ಒಳಗೆ ಹೋದೆ. ನನ್ನ ಗೋಡೆಯ ಮೇಲೆ, ನನ್ನ ಮೊಳೆಗೆ, ನನ್ನ ಹಲಗೆ ಹೂವಿನಲ್ಲಿ ಮುಳುಗಿ ಆರತಿ ಮಾಡಿಸಿಕೊಳ್ಳುತ್ತಿತ್ತು. ಅದರ ಮುಂದಿನಿಂದಲೇ ತಲೆತಗ್ಗಿಸಿ ಅಡುಗೆಮನೆಗೆ ನಡೆದೆ. ಆ ದಿನ ಮೊಣಕೈಯವರೆಗೂ ನನ್ನ ಕೈ ಬೆಳ್ಳಗಾಯಿತು. ಸೀಮೆಸುಣ್ಣದಿಂದಲ್ಲ, ಜೋಳದ ಹಿಟ್ಟಿನಿಂದ.